ನವವಸಾಹತುಶಾಹಿ ಮತ್ತು ಫ್ರಾನ್ಸಿನ ಆಫ್ರಿಕಾ: ಪದೇ ಪದೇ ಕೇಳುವ ಪ್ರಶ್ನೆಗಳು

ನವವಸಾಹತುಶಾಹಿ ಎಂದರೇನು? ಹಳೆಯ ವಸಾಹತುಶಾಹಿಗೂ ಇದಕ್ಕೂ ವ್ಯತ್ಯಾಸವೇನು?

ಒಂದು ದೇಶಕ್ಕೆ ತನ್ನದೇ ಧ್ವಜ, ಸಂವಿಧಾನ, ಸರ್ಕಾರ, ವಿಶ್ವಸಂಸ್ಥೆಯಲ್ಲಿ ಆಸನ ಎಲ್ಲವೂ ಇರುತ್ತವೆ. ಆದರೆ ಅದರ ಹಣಕಾಸು, ವ್ಯಾಪಾರ, ಖನಿಜ ಮತ್ತು ರಕ್ಷಣೆಗೆ ಸಂಬಂಧಿಸಿದ ಮುಖ್ಯ ನಿರ್ಧಾರಗಳು ಹೊರಗಿನ ಪ್ರಬಲ ದೇಶವೊಂದರ ಸಮ್ಮತಿಯಿಲ್ಲದೆ ಆಗುವುದಿಲ್ಲ. ಈ ಸ್ಥಿತಿಯನ್ನು ನವವಸಾಹತುಶಾಹಿ ಎಂದು ಕರೆಯುತ್ತಾರೆ. ಹಳೆಯ ವಸಾಹತುಶಾಹಿಯಲ್ಲಿ ಗವರ್ನರನೂ ದಂಡನಾಯಕನೂ ಹೊರಗಿನವರೇ ಆಗಿದ್ದರಿಂದ ಆಳುವ ಹೊಣೆಯೂ ಅಪಕೀರ್ತಿಯೂ ಅವರ ಮೇಲೆಯೇ ಬೀಳುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಆ ಹೊಣೆ ಸ್ಥಳೀಯ ಸರ್ಕಾರದ ಹೆಗಲಿಗೆ ಬರುತ್ತದೆ. ಬೆಲೆ ಏರಿದಾಗ ಬೀದಿಗಿಳಿಯುವ ಜನರನ್ನು ಎದುರಿಸಬೇಕಾದವರೂ ಸ್ಥಳೀಯರೇ. ಲಾಭದ ದೊಡ್ಡ ಪಾಲು ಮಾತ್ರ ಹಿಂದಿನ ದಾರಿಯಲ್ಲೇ ಹೊರಗೆ ಹೋಗುತ್ತದೆ.

1961ರ ಮಾರ್ಚ್‌ನಲ್ಲಿ ಕೈರೋದಲ್ಲಿ ನಡೆದ ಅಖಿಲ ಆಫ್ರಿಕಾ ಜನತಾ ಸಮ್ಮೇಳನವು ನವವಸಾಹತುಶಾಹಿಯ ಕುರಿತು ಪ್ರತ್ಯೇಕ ನಿರ್ಣಯವನ್ನೇ ಅಂಗೀಕರಿಸಿತು. 1965ರಲ್ಲಿ ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಇದೇ ವಿಷಯದ ಮೇಲೆ ಪುಸ್ತಕ ಬರೆದಾಗ ಅಮೆರಿಕ ಸರ್ಕಾರ ಪ್ರತಿಭಟನೆ ಸಲ್ಲಿಸಿತು. 1966ರ ಫೆಬ್ರವರಿಯಲ್ಲಿ ಅವರು ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಮತ್ತು ಪೊಲೀಸರು ಸೇರಿ ಅವರ ಸರ್ಕಾರವನ್ನು ಉರುಳಿಸಿದರು.

ಇಲ್ಲಿ ಫ್ರಾನ್ಸಿನ ಉದಾಹರಣೆಯನ್ನೇ ಏಕೆ ತೆಗೆದುಕೊಳ್ಳಲಾಗಿದೆ? ಅಮೆರಿಕ, ಬ್ರಿಟನ್ ಹೀಗೆ ಮಾಡಿಲ್ಲವೇ?

ಖಂಡಿತ ಮಾಡಿವೆ. ಆದರೆ ಬೇರೆಡೆಗಳಲ್ಲಿ ಊಹೆ, ಗುಪ್ತಚರ ಕಥೆ, ಬಹಿರಂಗವಾಗದ ಕಡತಗಳ ಮೇಲೆ ವಾದ ಕಟ್ಟಬೇಕಾಗುತ್ತದೆ. ಫ್ರಾನ್ಸ್ ಮತ್ತು ಅದರ ಹಳೆಯ ಆಫ್ರಿಕನ್ ವಸಾಹತುಗಳ ನಡುವಿನ ಸಂಬಂಧವಾದರೋ ಬಹುಮಟ್ಟಿಗೆ ಸಹಿ ಬಿದ್ದ ಕಾಗದಗಳಲ್ಲಿಯೇ ಇದೆ. ಆದ್ದರಿಂದ ಅದನ್ನು ಪಿತೂರಿ ಎಂದು ಕಲ್ಪಿಸಿಕೊಳ್ಳದೆ, ಒಂದು ವ್ಯವಸ್ಥೆಯಾಗಿ ಬಿಡಿಸಿ ನೋಡಲು ಸಾಧ್ಯ.

1960ರಲ್ಲಿ ಸ್ವಾತಂತ್ರ್ಯ ಕೊಟ್ಟ ಮೇಲೂ ಹಿಡಿತ ಉಳಿದದ್ದು ಹೇಗೆ?

1960ರಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅವುಗಳಲ್ಲಿ 14 ಫ್ರಾನ್ಸಿನ ಆಳ್ವಿಕೆಯಲ್ಲಿದ್ದವು. ಸ್ವಾತಂತ್ರ್ಯದ ಘೋಷಣೆಯ ಜೊತೆಜೊತೆಗೇ, ಅಥವಾ ಅದಾದ ಕೆಲವೇ ತಿಂಗಳಲ್ಲಿ, ಈ ಪೈಕಿ ಬಹುತೇಕ ದೇಶಗಳು ‘ಸಹಕಾರ ಒಪ್ಪಂದ’ಗಳಿಗೆ ಸಹಿ ಹಾಕಿದವು. ಹಣ, ವಿದೇಶ ವ್ಯಾಪಾರ, ರಕ್ಷಣೆ, ಉನ್ನತ ಶಿಕ್ಷಣ, ವಿಮಾನಯಾನ ಎಲ್ಲವೂ ಅವುಗಳ ವ್ಯಾಪ್ತಿಗೆ ಬರುತ್ತಿದ್ದವು. 1961ರ ಏಪ್ರಿಲ್ 24ರಂದು ಐವರಿ ಕೋಸ್ಟ್, ನೈಜರ್ ಮತ್ತು ಅಂದಿನ ದಾಹೊಮಿ, ಅಂದರೆ ಇಂದಿನ ಬೆನಿನ್, ಫ್ರಾನ್ಸಿನೊಂದಿಗೆ ಮಾಡಿಕೊಂಡ ರಕ್ಷಣಾ ಒಪ್ಪಂದ ಇವುಗಳಲ್ಲಿ ಗಮನಾರ್ಹವಾದದ್ದು. ಅದರ ಅನುಬಂಧವು ತೈಲ, ಯುರೇನಿಯಂ, ಥೋರಿಯಂ, ಲಿಥಿಯಂ ಮುಂತಾದವನ್ನು ಆಯಕಟ್ಟಿನ ಕಚ್ಚಾ ವಸ್ತುಗಳೆಂದು ಪಟ್ಟಿ ಮಾಡಿ, ಅವುಗಳ ಮಾರಾಟದಲ್ಲಿ ಫ್ರಾನ್ಸಿಗೆ ಆದ್ಯತೆ ಕೊಡಬೇಕೆಂದು ಹೇಳುತ್ತದೆ. ಸೈನ್ಯದ ಒಪ್ಪಂದದೊಳಗೆ ಗಣಿಯ ಷರತ್ತು ಏಕೆ ಬಂತು ಎಂಬ ಪ್ರಶ್ನೆಯನ್ನು ಕೇಳಿದರೆ ಇಡೀ ವ್ಯವಸ್ಥೆಯ ಸ್ವರೂಪ ಅರ್ಧ ತಿಳಿದಂತೆ.

ಪ್ಯಾರಿಸ್ಸಿನಲ್ಲಿ ಈ ಸಂಬಂಧಗಳನ್ನು ನೋಡಿಕೊಳ್ಳುತ್ತಿದ್ದವರು ಅಧ್ಯಕ್ಷ ದ ಗಾಲ್ ಅವರ ಸಲಹೆಗಾರ ಜಾಕ್ ಫೊಕಾರ್. ಆಫ್ರಿಕಾದ ವಿಷಯವು ವಿದೇಶಾಂಗ ಸಚಿವಾಲಯಕ್ಕಿಂತ ಹೆಚ್ಚಾಗಿ ಅಧ್ಯಕ್ಷರ ಭವನದಲ್ಲಿ, ದೂರವಾಣಿ ಕರೆಗಳಲ್ಲಿ ಮತ್ತು ವೈಯಕ್ತಿಕ ಸ್ನೇಹಗಳಲ್ಲಿ ತೀರ್ಮಾನವಾಗುತ್ತಿತ್ತು.

ಸಿಎಫ್‌ಎ ಫ್ರಾಂಕ್ ಎಂದರೇನು? ಅದು ಕೆಲಸ ಮಾಡುವುದು ಹೇಗೆ?

ಇದು 1945ರ ಡಿಸೆಂಬರ್ 26ರಂದು ಫ್ರಾನ್ಸ್ ತನ್ನ ಆಫ್ರಿಕನ್ ವಸಾಹತುಗಳಿಗಾಗಿ ಹುಟ್ಟುಹಾಕಿದ ಕರೆನ್ಸಿ. ಸ್ವಾತಂತ್ರ್ಯದ ನಂತರವೂ ಇದು ಉಳಿಯಿತು. ಇಂದು 14 ದೇಶಗಳು ಇದನ್ನು ಬಳಸುತ್ತವೆ. ಪಶ್ಚಿಮದಲ್ಲಿ ಸೆನೆಗಲ್, ಐವರಿ ಕೋಸ್ಟ್, ಮಾಲಿ, ಬುರ್ಕಿನಾ ಫಾಸೊ, ನೈಜರ್, ಬೆನಿನ್, ಟೋಗೊ ಮತ್ತು ಗಿನಿ ಬಿಸಾವ್ ದೇಶಗಳಿಗೆ ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ಒಂದು ಕೇಂದ್ರ ಬ್ಯಾಂಕಿದೆ. ಮಧ್ಯ ಭಾಗದ ಕ್ಯಾಮರೂನ್, ಗ್ಯಾಬೊನ್, ಚಾಡ್, ಕಾಂಗೊ ಗಣರಾಜ್ಯ, ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಈಕ್ವಟೋರಿಯಲ್ ಗಿನಿಗಳಿಗೆ ಯವುಂಡೆಯಲ್ಲಿ ಇನ್ನೊಂದಿದೆ. ಈ ಎರಡೂ ಬ್ಯಾಂಕುಗಳ ಮುಖ್ಯ ಕಚೇರಿಗಳು 1970ರ ದಶಕದ ಕೊನೆಯವರೆಗೆ ಪ್ಯಾರಿಸ್ಸಿನಲ್ಲಿಯೇ ಇದ್ದವು. ನೋಟುಗಳು ಇಂದಿಗೂ ಫ್ರಾನ್ಸಿನಲ್ಲಿಯೇ ಮುದ್ರಣವಾಗುತ್ತವೆ.

ವ್ಯವಸ್ಥೆಯ ಆಧಾರಗಳನ್ನು ಹೀಗೆ ಹೇಳಬಹುದು. ಕರೆನ್ಸಿಯ ಬೆಲೆ ಸ್ಥಿರ: ಮೊದಲು ಫ್ರೆಂಚ್ ಫ್ರಾಂಕಿಗೆ, 1999ರಿಂದ ಯೂರೋಗೆ ಅದನ್ನು ಕಟ್ಟಿಹಾಕಲಾಗಿದ್ದು, 1 ಯೂರೋಗೆ 655.957 ಸಿಎಫ್‌ಎ ಫ್ರಾಂಕ್ ಎಂಬುದು ಅಂದಿನಿಂದ ಬದಲಾಗಿಲ್ಲ. ಆ ಬೆಲೆಗೆ ಎಷ್ಟು ಬೇಕಾದರೂ ಯೂರೋ ಕೊಡುತ್ತೇವೆ ಎಂಬ ಖಾತರಿಯನ್ನು ಫ್ರಾನ್ಸಿನ ಖಜಾನೆ ನೀಡುತ್ತದೆ. ವಲಯದೊಳಗಿಂದ ಫ್ರಾನ್ಸಿಗೆ ಹಣ ಸಾಗಿಸಲು ಅಡ್ಡಿಯಿಲ್ಲ. ಇವುಗಳಿಗೆ ಪ್ರತಿಯಾಗಿ, ಈ ದೇಶಗಳು ರಫ್ತಿನಿಂದ ಗಳಿಸಿದ ವಿದೇಶಿ ವಿನಿಮಯದ ಒಂದು ದೊಡ್ಡ ಪಾಲನ್ನು ಫ್ರಾನ್ಸಿನ ಖಜಾನೆಯಲ್ಲಿ ‘ನಿರ್ವಹಣಾ ಖಾತೆ’ ಎಂಬ ಖಾತೆಯಲ್ಲಿ ಇಡಬೇಕಿತ್ತು. ಆರಂಭದಲ್ಲಿ ಪೂರ್ತಿ, 1973ರ ನಂತರ ಶೇ 65, ಆಮೇಲೆ ಶೇ 50. ಕೇಂದ್ರ ಬ್ಯಾಂಕುಗಳ ಮಂಡಳಿಗಳಲ್ಲಿ ಫ್ರೆಂಚ್ ಪ್ರತಿನಿಧಿಗಳು ಕುಳಿತುಕೊಳ್ಳುತ್ತಿದ್ದರು. ಮುಖ್ಯ ಬದಲಾವಣೆಗಳಿಗೆ ಅವರ ಒಪ್ಪಿಗೆಯಿಲ್ಲದೆ ದಾರಿಯಿರಲಿಲ್ಲ.

ಸ್ಥಿರವಾದ ನಾಣ್ಯದಿಂದ ಬಡ ದೇಶಕ್ಕೆ ಒಳ್ಳೆಯದೇ ಅಲ್ಲವೇ?

ಒಂದು ಮಟ್ಟದವರೆಗೆ ಹೌದು, ಮತ್ತು ಇದನ್ನು ವಿರೋಧಿಗಳು ಒಪ್ಪಿಕೊಳ್ಳಲು ಹಿಂಜರಿಯಬಾರದು. 2022ರ ಡಿಸೆಂಬರ್‌ನಲ್ಲಿ ತನ್ನದೇ ಕರೆನ್ಸಿಯಿರುವ ಘಾನಾದಲ್ಲಿ ಹಣದುಬ್ಬರ ಶೇ 54ನ್ನು ಮುಟ್ಟಿದಾಗ, ಪಕ್ಕದ ಐವರಿ ಕೋಸ್ಟ್‌ನಲ್ಲಿ ಅಂತಹ ಅನಾಹುತ ಆಗಲಿಲ್ಲ. ಸಂಬಳದಾರನಿಗೂ ಸಣ್ಣ ಉಳಿತಾಯಗಾರನಿಗೂ ಇದು ಸಣ್ಣ ಮಾತಲ್ಲ.

ಆದರೆ ಸ್ಥಿರತೆಗೆ ತೆರುವ ಬೆಲೆಯನ್ನು ಯಾರು ಕೊಡುತ್ತಾರೆ ಎಂದು ನೋಡಬೇಕು. ಯೂರೋಪಿನ ಕೈಗಾರಿಕಾ ದೇಶಗಳಿಗೆ ಒಗ್ಗುವ ಬಲವಾದ ಕರೆನ್ಸಿಯನ್ನು ಹತ್ತಿ, ಕೋಕೋ, ಶೇಂಗಾ ಬೆಳೆಯುವ ದೇಶಕ್ಕೆ ತೊಡಿಸಿದರೆ ಅಲ್ಲಿನ ರಫ್ತು ತುಟ್ಟಿಯಾಗುತ್ತದೆ, ಆಮದು ಅಗ್ಗವಾಗುತ್ತದೆ. ಡಕಾರ್‌ನ ಮೇಲ್ವರ್ಗಕ್ಕೆ ಫ್ರೆಂಚ್ ಚೀಸ್ ಕೈಗೆಟಕುತ್ತದೆ. ಸ್ಥಳೀಯವಾಗಿ ಬಟ್ಟೆ ಅಥವಾ ಎಣ್ಣೆ ತಯಾರಿಸಿ ಮಾರಲು ಹೊರಟವನು ಆಮದಾದ ಸರಕಿನ ಎದುರು ನಿಲ್ಲಲಾರ. ಕರೆನ್ಸಿಯ ಬೆಲೆಯನ್ನು ಕಾಯುವುದೇ ಕೇಂದ್ರ ಬ್ಯಾಂಕಿನ ಮೊದಲ ಕರ್ತವ್ಯವಾದ್ದರಿಂದ ರೈತರಿಗೂ ಸಣ್ಣ ಉದ್ಯಮಿಗಳಿಗೂ ಸಾಲ ಬಿಗಿಯಾಗಿರುತ್ತದೆ. ಗಳಿಸಿದ ಲಾಭವನ್ನು ಅಡ್ಡಿಯಿಲ್ಲದೆ ಪ್ಯಾರಿಸ್ಸಿಗೆ ಸಾಗಿಸುವ ಅನುಕೂಲ ವಿದೇಶಿ ಕಂಪನಿಗೂ ಇದೆ, ಭ್ರಷ್ಟ ಮಂತ್ರಿಗೂ ಇದೆ.

ಜೊತೆಗೆ, ಸ್ಥಿರತೆಯೂ ಶಾಶ್ವತವಲ್ಲ. 1994ರ ಜನವರಿ 11ರಂದು ಡಕಾರ್‌ನಲ್ಲಿ ನಡೆದ ಸಭೆಯ ನಂತರ ಸಿಎಫ್‌ಎ ಫ್ರಾಂಕಿನ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಲಾಯಿತು. ಅದುವರೆಗೆ 1 ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100 ಆಯಿತು. ಸಭೆಯಲ್ಲಿ ಆಫ್ರಿಕಾದ ನಾಯಕರ ಜೊತೆ ಫ್ರಾನ್ಸಿನ ಮಂತ್ರಿ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ, ಅಂದರೆ ಐಎಂಎಫ್‌ನ, ಮುಖ್ಯಸ್ಥರು ಇದ್ದರು. ಅಪಮೌಲ್ಯವನ್ನು ಬಲವಾಗಿ ವಿರೋಧಿಸುತ್ತಿದ್ದ ಐವರಿ ಕೋಸ್ಟ್‌ನ ಅಧ್ಯಕ್ಷ ಫೆಲಿಕ್ಸ್ ಊಫೊವೆಟ್ ಬ್ವಾನಿ ತೀರಿಕೊಂಡು ಆಗ ಒಂದು ತಿಂಗಳಷ್ಟೇ ಕಳೆದಿತ್ತು. ಆಮದು ಅಕ್ಕಿಯಿಂದ ಔಷಧಿಯವರೆಗೆ ಎಲ್ಲದರ ಬೆಲೆ ಜಿಗಿಯಿತು. ಫೆಬ್ರವರಿಯಲ್ಲಿ ಡಕಾರ್‌ನಲ್ಲಿ ಗಲಭೆಯಾಯಿತು. ಹಣ ಮುಂಚೆಯೇ ಹೊರಗಿಟ್ಟವರಿಗೆ ಮಾತ್ರ ಅದು ಒಂದೇ ರಾತ್ರಿಯಲ್ಲಿ ಇಮ್ಮಡಿಯಾಯಿತು.

‘14 ದೇಶಗಳು ಇಂದಿಗೂ ಫ್ರಾನ್ಸಿಗೆ ವಸಾಹತು ತೆರಿಗೆ ಕಟ್ಟುತ್ತಿವೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿರುತ್ತದೆ. ಇದು ನಿಜವೇ?

ಅಲ್ಲ. ಅಂತಹ ತೆರಿಗೆ ಇಲ್ಲ. ಫ್ರಾನ್ಸಿನ ಖಜಾನೆಯಲ್ಲಿ ಇರಿಸಲಾಗುತ್ತಿದ್ದ ಹಣ ಆಫ್ರಿಕನ್ ಕೇಂದ್ರ ಬ್ಯಾಂಕುಗಳದ್ದೇ ಆಗಿತ್ತು, ಅದಕ್ಕೆ ಬಡ್ಡಿಯೂ ಸಿಗುತ್ತಿತ್ತು. ಸಂದೇಶಗಳಲ್ಲಿ ಹೇಳುವ ನೂರಾರು ಬಿಲಿಯನ್ ಡಾಲರುಗಳ ಲೆಕ್ಕ ಆ ದೇಶಗಳ ಒಟ್ಟು ಆರ್ಥಿಕತೆಯ ಗಾತ್ರಕ್ಕೇ ಹೊಂದುವುದಿಲ್ಲ. ಇಂತಹ ಉತ್ಪ್ರೇಕ್ಷೆಯಿಂದ ಹೆಚ್ಚು ಲಾಭವಾಗುವುದು ವ್ಯವಸ್ಥೆಯನ್ನು ಸಮರ್ಥಿಸುವವರಿಗೇ. ಸುಳ್ಳೊಂದನ್ನು ಸುಲಭವಾಗಿ ಅಲ್ಲಗಳೆದು, ತಮ್ಮ ಹಣವನ್ನು ಎಲ್ಲಿ ಇಡಬೇಕೆಂಬ ತೀರ್ಮಾನ ಆ ದೇಶಗಳ ಕೈಯಲ್ಲಿ ಏಕಿರಲಿಲ್ಲ ಎಂಬ ನಿಜವಾದ ಪ್ರಶ್ನೆಗೆ ಉತ್ತರಿಸದೆ ಅವರು ಪಾರಾಗುತ್ತಾರೆ.

ಈ ವ್ಯವಸ್ಥೆಯನ್ನು ಒಲ್ಲೆ ಎಂದ ದೇಶಗಳು ಇಲ್ಲವೇ? ಅವುಗಳಿಗೆ ಏನಾಯಿತು?

ಮೊದಲು ಒಲ್ಲೆ ಎಂದದ್ದು ಗಿನಿ. 1958ರ ಸೆಪ್ಟೆಂಬರ್ 28ರಂದು ದ ಗಾಲ್ ನಡೆಸಿದ ಜನಮತ ಗಣನೆಯಲ್ಲಿ, ಫ್ರಾನ್ಸಿನ ಒಕ್ಕೂಟದೊಳಗೆ ಉಳಿಯುವುದು ಬೇಡವೆಂದು ಶೇ 95ಕ್ಕಿಂತ ಹೆಚ್ಚು ಮತದಾರರು ಹೇಳಿದರು. ಅದರ ನಾಯಕ ಸೆಕು ತೂರೆ, ಗುಲಾಮಗಿರಿಯ ಸಿರಿಗಿಂತ ಸ್ವಾತಂತ್ರ್ಯದ ಬಡತನವೇ ಲೇಸು ಎಂಬರ್ಥದ ಮಾತನ್ನು ದ ಗಾಲ್ ಎದುರಿಗೇ ಆಡಿದ್ದರು. ಅಕ್ಟೋಬರ್ 2ಕ್ಕೆ ಗಿನಿ ಸ್ವತಂತ್ರವಾಯಿತು. ಫ್ರಾನ್ಸ್ ತನ್ನ ಅಧಿಕಾರಿಗಳನ್ನೂ ತಜ್ಞರನ್ನೂ ತಟ್ಟನೆ ಹಿಂದಕ್ಕೆ ಕರೆಸಿಕೊಂಡು ನೆರವನ್ನು ನಿಲ್ಲಿಸಿತು. ಹೋಗುವಾಗ ಕಡತಗಳನ್ನೂ ಉಪಕರಣಗಳನ್ನೂ ಹೊತ್ತೊಯ್ದರು. 1960ರಲ್ಲಿ ಗಿನಿ ತನ್ನದೇ ಕರೆನ್ಸಿಯನ್ನು ತಂದಾಗ ಅದನ್ನು ಕೆಡಿಸಲು ಖೋಟಾ ನೋಟುಗಳನ್ನು ದೇಶದೊಳಗೆ ನುಗ್ಗಿಸಿದ್ದನ್ನು ಫ್ರಾನ್ಸಿನ ಗುಪ್ತಚರ ಸಂಸ್ಥೆಯ ಹಿರಿಯ ಅಧಿಕಾರಿಯೇ ಮುಂದೆ ಒಪ್ಪಿಕೊಂಡಿದ್ದಾರೆ. ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು: ಹೊರಗಿನ ಈ ಹಗೆತನವನ್ನು ನೆಪವಾಗಿಸಿಕೊಂಡು ಸೆಕು ತೂರೆ ತನ್ನ ವಿರೋಧಿಗಳನ್ನು ಸೆರೆಮನೆಗಳಲ್ಲಿ ಕೊಲ್ಲಿಸಿದರು. ಸಾಮ್ರಾಜ್ಯಕ್ಕೆ ಎದುರು ನಿಂತವರೆಲ್ಲ ತಮ್ಮ ಜನರಿಗೆ ಒಳ್ಳೆಯ ದೊರೆಗಳಾಗಲಿಲ್ಲ.

ಮಾಲಿ 1962ರಲ್ಲಿ ತನ್ನ ಫ್ರಾಂಕನ್ನು ಹೊರಡಿಸಿತು. ನೆರೆಹೊರೆಯ ವ್ಯಾಪಾರ ಕಡಿದುಹೋಗಿ, ಕೊರತೆ ಹೆಚ್ಚಿ, ಕೊನೆಗೆ 1984ರಲ್ಲಿ ಸಿಎಫ್‌ಎ ವಲಯಕ್ಕೇ ಮರಳಿತು. ಟೋಗೊದ ಮೊದಲ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಸ್ವಂತ ಕೇಂದ್ರ ಬ್ಯಾಂಕಿನ ಸಿದ್ಧತೆಯಲ್ಲಿದ್ದಾಗ, 1963ರ ಜನವರಿ 13ರಂದು, ಫ್ರೆಂಚ್ ಸೇನೆಯಿಂದ ಬಿಡುಗಡೆಯಾಗಿ ಬಂದು ಕೆಲಸವಿಲ್ಲದೆ ಅಸಮಾಧಾನಗೊಂಡಿದ್ದ ಸೈನಿಕರ ಕೈಯಲ್ಲಿ ಹತರಾದರು. ಕರೆನ್ಸಿಯ ವಿಚಾರಕ್ಕೇ ಅವರನ್ನು ಕೊಂದರೆಂದು ಹಲವರು ಹೇಳುತ್ತಾರಾದರೂ ಅದಕ್ಕೆ ಪುರಾವೆಯಿಲ್ಲ. ಆ ಯೋಜನೆ ಅವರೊಂದಿಗೇ ಮುಗಿಯಿತು ಎಂಬುದಷ್ಟೇ ಖಚಿತ. 1973ರಲ್ಲಿ ಮಾರಿಟೇನಿಯ ಮತ್ತು ಮಡಗಾಸ್ಕರ್ ಹೊರಬಂದವು, ಮತ್ತೆ ಹಿಂದಿರುಗಲಿಲ್ಲ.

ಸ್ಥಳೀಯ ನಾಯಕರು ಕೇವಲ ಬಲಿಪಶುಗಳೇ?

ಅಲ್ಲ. ನವವಸಾಹತುಶಾಹಿಯನ್ನು ಹೊರಗಿನವರ ಬಲವೊಂದರಿಂದಲೇ ವಿವರಿಸಲು ಹೊರಡುವವರು ಇಲ್ಲಿಯೇ ಎಡವುತ್ತಾರೆ. ಈ ವ್ಯವಸ್ಥೆಯಿಂದ ಲಾಭ ಪಡೆಯುವ ಒಂದು ವರ್ಗ ಒಳಗೇ ಇಲ್ಲದಿದ್ದರೆ ಇದು ಆರು ದಶಕ ಬಾಳುತ್ತಿರಲಿಲ್ಲ.

ಗ್ಯಾಬೊನ್ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. 1964ರ ಫೆಬ್ರವರಿಯಲ್ಲಿ ಅಲ್ಲಿನ ಅಧ್ಯಕ್ಷ ಲಿಯೋನ್ ಎಂಬಾ ಅವರನ್ನು ಸೈನಿಕರು ಪದಚ್ಯುತಗೊಳಿಸಿದಾಗ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಇಳಿದು ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅವರ ನಂತರ ಒಮರ್ ಬೊಂಗೊ 1967ರಿಂದ 2009ರಲ್ಲಿ ಸಾಯುವವರೆಗೆ ಆಳಿದರು. ಬಳಿಕ ಅವರ ಮಗ ಆಲಿ ಬೊಂಗೊ 2023ರ ಆಗಸ್ಟ್‌ನ ಸೇನಾ ಕ್ರಾಂತಿಯವರೆಗೆ. ತೈಲದ ಹಣ ಫ್ರಾನ್ಸಿನ ಸರ್ಕಾರಿ ಕಂಪನಿಯಾಗಿದ್ದ ಎಲ್ಫ್ ಮೂಲಕ ಹರಿಯುತ್ತಿತ್ತು. ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ನಡೆದ ಎಲ್ಫ್ ಪ್ರಕರಣದ ವಿಚಾರಣೆಯಲ್ಲಿ ಆಫ್ರಿಕಾದ ನಾಯಕರಿಗೆ ಸಂದಾಯವಾಗುತ್ತಿದ್ದ ಗುಪ್ತ ಹಣದ ವಿವರಗಳು ಹೊರಬಿದ್ದವು. 2003ರ ನವೆಂಬರ್‌ನಲ್ಲಿ ಕಂಪನಿಯ ಮಾಜಿ ಮುಖ್ಯಸ್ಥ ಲೊಯಿಕ್ ಲ ಫ್ಲೋಕ್ ಪ್ರಿಜಾಂ ಜೈಲು ಶಿಕ್ಷೆಗೆ ಗುರಿಯಾದರು. ಯಾರು ಯಾರನ್ನು ಬಳಸಿಕೊಂಡರು ಎಂದು ಕೇಳಿದರೆ ಉತ್ತರ ಎರಡೂ ಕಡೆಗೆ ಹೋಗುತ್ತದೆ. ಬಳಸಲ್ಪಟ್ಟವರು ಮಾತ್ರ ಗ್ಯಾಬೊನಿನ ಜನ.

ನೈಜರ್‌ನ ಯುರೇನಿಯಂ ವಿವಾದ ಏನು?

ಸಹಾರಾದ ಅಂಚಿನ ಆರ್ಲಿಟ್ ಎಂಬಲ್ಲಿ 1971ರಿಂದ ಯುರೇನಿಯಂ ತೆಗೆಯಲಾಗುತ್ತಿದೆ. ಗಣಿ ಕಂಪನಿ ಸೊಮಾಯಿರ್‌ನಲ್ಲಿ ಫ್ರಾನ್ಸಿನ ಒರಾನೊ ಕಂಪನಿಗೆ ಶೇ 63.4, ನೈಜರ್ ಸರ್ಕಾರದ ಸಂಸ್ಥೆಗೆ ಶೇ 36.6 ಪಾಲು ಇತ್ತು. ಫ್ರಾನ್ಸ್ ತನ್ನ ವಿದ್ಯುತ್ತಿನ ಬಹುಪಾಲನ್ನು ಅಣುಸ್ಥಾವರಗಳಿಂದ ಪಡೆಯುತ್ತದೆ. ನೈಜರ್‌ನಲ್ಲಿ ವಿದ್ಯುತ್ ಸಂಪರ್ಕವಿರುವುದು ಸುಮಾರು ಐದರಲ್ಲೊಬ್ಬರಿಗೆ. ಅದರಲ್ಲೂ ಹೆಚ್ಚಿನ ಪಾಲು ನೆರೆಯ ನೈಜೀರಿಯಾದಿಂದ ಬರುತ್ತಿದ್ದುದರಿಂದ, 2023ರ ಜುಲೈ 26ರ ಸೇನಾ ಕ್ರಾಂತಿಯ ಬಳಿಕ ನೈಜೀರಿಯಾ ತಂತಿ ಕಡಿದಾಗ ರಾಜಧಾನಿ ನಿಯಾಮೆಯೇ ಗಂಟೆಗಟ್ಟಲೆ ಕತ್ತಲಲ್ಲಿ ಕೂರಬೇಕಾಯಿತು.

ಇದರಿಂದ ‘ಫ್ರಾನ್ಸಿನ ದೀಪಗಳೆಲ್ಲ ನೈಜರ್‌ನಿಂದ ಉರಿಯುತ್ತವೆ’ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಫ್ರಾನ್ಸ್ ಕಝಾಕಿಸ್ತಾನ, ಕೆನಡಾ ಮುಂತಾದ ದೇಶಗಳಿಂದಲೂ ಯುರೇನಿಯಂ ತರಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಅಸಮಾನತೆ ಇರುವುದೇ ಅಲ್ಲಿ: ಕೊಳ್ಳುವವನಿಗೆ ಹಲವು ಅಂಗಡಿಗಳು, ಮಾರುವವನಿಗೆ ಬಹುಮಟ್ಟಿಗೆ ಒಬ್ಬನೇ ಗಿರಾಕಿ. 1974ರಲ್ಲಿ ಅಧ್ಯಕ್ಷ ಹಮಾನಿ ದಿಯೋರಿ ಯುರೇನಿಯಂಗೆ ಹೆಚ್ಚಿನ ಬೆಲೆ ಕೇಳುತ್ತ ಮಾತುಕತೆಯಲ್ಲಿದ್ದಾಗಲೇ ಸೇನೆ ಅವರನ್ನು ಕೆಳಗಿಳಿಸಿತು. ಆ ಹೊತ್ತಿಗೆ ಭೀಕರ ಬರ ಮತ್ತು ಭ್ರಷ್ಟಾಚಾರದ ಆರೋಪಗಳೂ ಇದ್ದವು ಎಂಬುದನ್ನು ಮರೆಯಬಾರದು.

ಸಾಲ ಮತ್ತು ಐಎಂಎಫ್ ಇದರಲ್ಲಿ ಎಲ್ಲಿ ಬರುತ್ತವೆ?

1980ರ ದಶಕದಲ್ಲಿ ಕಚ್ಚಾ ವಸ್ತುಗಳ ಬೆಲೆ ಕುಸಿದು ಬಡ್ಡಿದರ ಏರಿದಾಗ ಆಫ್ರಿಕಾದ ಹೆಚ್ಚಿನ ದೇಶಗಳು ಸಾಲ ತೀರಿಸಲಾಗದೆ ಐಎಂಎಫ್ ಮತ್ತು ವಿಶ್ವ ಬ್ಯಾಂಕಿನ ಬಾಗಿಲಿಗೆ ಹೋದವು. ಸಬ್ಸಿಡಿ ಕಡಿತ, ಸರ್ಕಾರಿ ನೌಕರಿಗಳ ಕಡಿತ, ಆಸ್ಪತ್ರೆ ಮತ್ತು ಶಾಲೆಗಳಲ್ಲಿ ಶುಲ್ಕ, ಸರ್ಕಾರಿ ಉದ್ಯಮಗಳ ಮಾರಾಟ ಮುಂತಾದ ಷರತ್ತುಗಳೊಂದಿಗೆ ಹೊಸ ಸಾಲ ಬಂತು. ಐಎಂಎಫ್‌ನ ಮುಖ್ಯ ತೀರ್ಮಾನಗಳಿಗೆ ಶೇ 85 ಮತ ಬೇಕು. ಅಮೆರಿಕವೊಂದರ ಬಳಿಯೇ ಸುಮಾರು ಶೇ 16.5 ಮತವಿದೆ. ಅಂದರೆ ಅದು ಬೇಡವೆಂದದ್ದು ಆಗುವುದಿಲ್ಲ. ಐಎಂಎಫ್‌ಗೆ ಯೂರೋಪಿನವರು, ವಿಶ್ವ ಬ್ಯಾಂಕಿಗೆ ಅಮೆರಿಕದ ಪ್ರಜೆಗಳು ಮುಖ್ಯಸ್ಥರಾಗುವ ರೂಢಿ ಇಂದಿಗೂ ಮುರಿದಿಲ್ಲ.

1987ರ ಜುಲೈನಲ್ಲಿ ಅಡಿಸ್ ಅಬಾಬಾದಲ್ಲಿ ನಡೆದ ಆಫ್ರಿಕಾ ದೇಶಗಳ ಶೃಂಗಸಭೆಯಲ್ಲಿ ಬುರ್ಕಿನಾ ಫಾಸೊದ ಅಧ್ಯಕ್ಷ ಥಾಮಸ್ ಸಂಕಾರ, ಈ ಸಾಲವನ್ನು ಎಲ್ಲರೂ ಒಟ್ಟಾಗಿ ನಿರಾಕರಿಸೋಣ, ತಮ್ಮ ದೇಶವೊಂದೇ ನಿರಾಕರಿಸಿದರೆ ಮುಂದಿನ ಸಭೆಗೆ ತಾವು ಇರುವುದಿಲ್ಲ ಎಂದು ಹೇಳಿದರು. ಅದೇ ಅಕ್ಟೋಬರ್ 15ರಂದು ಅವರ ಹತ್ಯೆಯಾಯಿತು. ಆಪ್ತ ಸಂಗಾತಿಯಾಗಿದ್ದು ಆ ಬಳಿಕ ಅಧಿಕಾರಕ್ಕೇರಿದ ಬ್ಲೇಸ್ ಕಂಪಾವೊರೆಗೆ 2022ರಲ್ಲಿ ಅಲ್ಲಿನ ಸೇನಾ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ವಿಚಾರಣೆ ಅವರ ಗೈರುಹಾಜರಿಯಲ್ಲೇ ನಡೆದಿತ್ತು.

ಚೀನಾ ಮತ್ತು ರಷ್ಯಾ ಪರ್ಯಾಯವಾಗಬಲ್ಲವೇ?

ಕೊಳ್ಳುವವರು ಹೆಚ್ಚಾದರೆ ಮಾರುವವನ ಮಾತಿಗೆ ಬೆಲೆ ಬರುತ್ತದೆ. ಆ ಮಟ್ಟಿಗೆ ಚೀನಾದ ಪ್ರವೇಶ ಆಫ್ರಿಕಾಕ್ಕೆ ಉಪಯೋಗವಾಗಿದೆ. ಆದರೆ ಯಜಮಾನನನ್ನು ಬದಲಿಸುವುದನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. ಫ್ರೆಂಚ್ ಪಡೆಗಳು 2022ರ ಆಗಸ್ಟ್‌ನಲ್ಲಿ ಮಾಲಿಯಿಂದ ಹೊರಡುವ ಮೊದಲೇ ರಷ್ಯಾದ ವ್ಯಾಗ್ನರ್ ಬಾಡಿಗೆ ಸೈನಿಕರು ಅಲ್ಲಿಗೆ ಬಂದಿಳಿದಿದ್ದರು. ಭದ್ರತೆ ಸುಧಾರಿಸಲಿಲ್ಲ, ನಾಗರಿಕರ ಹತ್ಯೆಯ ಗಂಭೀರ ಆರೋಪಗಳು ಮಾತ್ರ ಸೇರಿಕೊಂಡವು.

ಚೀನಾದ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ ಶ್ರೀಲಂಕಾದ ಹಂಬನ್‌ತೋಟ ಬಂದರು. 2017ರಲ್ಲಿ ಅದನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟದ್ದು ನಿಜ. ಸಾಲ ತೀರಿಸದ್ದಕ್ಕೆ ಚೀನಾ ಬಂದರನ್ನು ಜಪ್ತಿ ಮಾಡಿತು ಎಂಬುದು ಮಾತ್ರ ಸರಿಯಲ್ಲ. ಗುತ್ತಿಗೆಯಿಂದ ಬಂದ ಸುಮಾರು 112 ಕೋಟಿ ಡಾಲರ್ ಶ್ರೀಲಂಕಾದ ವಿದೇಶಿ ವಿನಿಮಯವನ್ನು ತುಂಬಿಕೊಳ್ಳಲು ಹೋಯಿತು, ಬಂದರಿನ ಸಾಲ ಹಾಗೆಯೇ ಉಳಿಯಿತು. 2022ರ ದಿವಾಳಿಗೆ ಚೀನಾದ ಸಾಲದಷ್ಟೇ ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಎತ್ತಿದ ಬಾಂಡ್ ಸಾಲವೂ ಕಾರಣ.

ಕನ್ನಡನಾಡಿನ ಅಥವಾ ಭಾರತದ ಇತಿಹಾಸದಲ್ಲಿ ಇಂತಹ ಪರೋಕ್ಷ ಹಿಡಿತ ಕಾಣುತ್ತದೆಯೇ?

ಕಾಣುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರನ್ನು ಪೂರ್ತಿಯಾಗಿ ನುಂಗಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿ, ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಸೈನ್ಯದ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಹಣಕ್ಕೆ ಅಪಾಯ ಕಂಡುಬಂದರೆ ಆಡಳಿತವನ್ನೇ ಕಂಪನಿ ಕೈಗೆತ್ತಿಕೊಳ್ಳಬಹುದು. ನಗರ ಸೀಮೆಯ ರೈತರ ಬಂಡಾಯದ ನಂತರ, 1831ರಲ್ಲಿ, ಹಾಗೆಯೇ ಆಯಿತು. ಅರಸು ಮನೆತನಕ್ಕೆ ಆಳ್ವಿಕೆ ಮರಳಿದ್ದು 1881ರಲ್ಲಿ. ಅರಸರದೇ ಅರಮನೆ, ಅವರದೇ ದಸರಾ, ಅವರದೇ ದಿವಾನರು. ವಿದೇಶ ವ್ಯವಹಾರವೂ ಸೈನ್ಯವೂ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರದು. ಕೋಲಾರದ ಚಿನ್ನದ ಗಣಿಗಳೂ ಲಂಡನ್ನಿನ ಜಾನ್ ಟೇಲರ್ ಕಂಪನಿಯ ನಿರ್ವಹಣೆಯಲ್ಲಿದ್ದವು. ದೇಶ ಸ್ವತಂತ್ರವಾಗಿ ಒಂಬತ್ತು ವರ್ಷಗಳಾದ ಮೇಲೆ, 1956ರಲ್ಲಿ, ಮೈಸೂರು ಸರ್ಕಾರ ಅವನ್ನು ರಾಷ್ಟ್ರೀಕರಣ ಮಾಡಿತು. ಮೈಸೂರಿನಲ್ಲಿ ಬ್ರಿಟಿಷರ ಪರಮಾಧಿಕಾರ ಮರೆಯಲ್ಲಿರಲಿಲ್ಲವಾದ್ದರಿಂದ ಇದನ್ನು ನವವಸಾಹತುಶಾಹಿ ಎನ್ನಲಾಗದು. ಆದರೂ ಆಳುವ ಶ್ರಮವಿಲ್ಲದೆ ಆದಾಯ ಪಡೆಯುವ ಉಪಾಯ 1960ಕ್ಕಿಂತ ಬಹಳ ಹಳೆಯದು ಎಂದು ತಿಳಿಯಲು ಇಷ್ಟು ಸಾಕು.

ನಾಣ್ಯದ ವಿಷಯದಲ್ಲಿ ಹೋಲಿಕೆ ಇನ್ನೂ ಹತ್ತಿರದ್ದು. 1927ರಲ್ಲಿ ರೂಪಾಯಿಯ ಬೆಲೆಯನ್ನು 1 ಶಿಲಿಂಗ್ 6 ಪೆನ್ಸ್ ಎಂದು ನಿಗದಿ ಮಾಡಿದಾಗ, ಇದು ಹೆಚ್ಚಾಯಿತು, 1 ಶಿಲಿಂಗ್ 4 ಪೆನ್ಸ್ ಇರಲಿ ಎಂದು ಪುರುಷೋತ್ತಮದಾಸ್ ಠಾಕೂರ್‌ದಾಸ್ ಮೊದಲಾದ ಭಾರತೀಯ ಉದ್ಯಮಿಗಳು ವಾದಿಸಿದ್ದರು. ಡಕಾರ್‌ನ ಇಂದಿನ ಅರ್ಥಶಾಸ್ತ್ರಜ್ಞರದೂ ಅದೇ ವಾದ. ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಕಡ ತೆಗೆದುಕೊಂಡ ಸರಕು ಸೇವೆಗಳ ಬಾಬ್ತು ಲಂಡನ್ನಿನಲ್ಲಿ 130 ಕೋಟಿ ಪೌಂಡಿಗೂ ಮೀರಿ ಶಿಲ್ಕಾಗಿ ಸೇರಿತ್ತು; ಸ್ವತಂತ್ರ ಭಾರತ ತನ್ನದೇ ಹಣವನ್ನು ಕಂತುಕಂತಾಗಿ, ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಂಡು ಬಿಡಿಸಿಕೊಳ್ಳಬೇಕಾಯಿತು.

ಸ್ವಾತಂತ್ರ್ಯದ ನಂತರದ ನಿದರ್ಶನ 1966ರದು. ಸತತ ಬರ, 1965ರ ಯುದ್ಧದ ಬಳಿಕ ನಿಂತ ನೆರವು, ಅಮೆರಿಕದ ಗೋಧಿಯ ಮೇಲಿನ ಅವಲಂಬನೆ ಎಲ್ಲ ಒಟ್ಟಿಗೆ ಬಂದಾಗ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ಅಳೆದು ಸುರಿದು ಕಳುಹಿಸುತ್ತಿದ್ದರು. ವಿಶ್ವ ಬ್ಯಾಂಕ್ ಮತ್ತು ಐಎಂಎಫ್ ಒತ್ತಾಯದ ನಡುವೆ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50 ಆಯಿತು. ಭಾರತ ಇಂತಹ ಒತ್ತಡಕ್ಕೆ ಕಾಯಂ ಸಿಕ್ಕಿಕೊಳ್ಳದೆ ಉಳಿದದ್ದಕ್ಕೆ ದೊಡ್ಡ ಆಂತರಿಕ ಮಾರುಕಟ್ಟೆ, ತನ್ನದೇ ರಿಸರ್ವ್ ಬ್ಯಾಂಕ್, ಮುಂದೆ ಕೈಹಿಡಿದ ಹಸಿರು ಕ್ರಾಂತಿ ಕಾರಣಗಳು. ನಲವತ್ತು ಲಕ್ಷದ ಆಸುಪಾಸು ಜನರಿದ್ದ ಅಂದಿನ ನೈಜರ್‌ಗೆ ಇವಾವುವೂ ಇರಲಿಲ್ಲ.

ಹಾಗಾದರೆ ಭಾರತ ತನ್ನ ನೆರೆಯ ಸಣ್ಣ ದೇಶಗಳ ಮೇಲೆ ಇಂತಹುದೇ ಪ್ರಭಾವ ಬೀರುತ್ತಿಲ್ಲವೇ?

ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳದಿದ್ದರೂ ಕಠ್ಮಂಡುವಿನಲ್ಲಿ ಕೇಳುತ್ತಾರೆ. ಭೂತಾನ್ ತನ್ನ ವಿದೇಶಾಂಗ ವಿಷಯದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂದು 1949ರ ಒಪ್ಪಂದ ಹೇಳುತ್ತಿತ್ತು. ಆ ಮಾತನ್ನು ಕೈಬಿಟ್ಟದ್ದು 2007ರಲ್ಲಿ. 1989ರಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದದ ಅವಧಿ ಮುಗಿದಾಗ ನೇಪಾಳದ ಗಡಿಯ ಹೆಚ್ಚಿನ ದ್ವಾರಗಳು ಮುಚ್ಚಿದವು. 2015ರಲ್ಲಿ ಹೊಸ ಸಂವಿಧಾನದ ಹೊತ್ತಿಗೆ ಇಂಧನ ಸಾಗಣೆ ನಿಂತಾಗ ನೇಪಾಳ ಅದನ್ನು ದಿಗ್ಬಂಧನ ಎಂದಿತು, ಭಾರತ ಅಲ್ಲಗಳೆಯಿತು.

ನೇಪಾಳದ ರೂಪಾಯಿ 1993ರಿಂದ ಭಾರತದ 1 ರೂಪಾಯಿಗೆ 1.60ರಂತೆ ಕಟ್ಟಲ್ಪಟ್ಟಿದೆ. ಹಾಗೆಂದು ಇದನ್ನು ಸಿಎಫ್‌ಎಗೆ ಸಮನೆನ್ನಲಾಗದು. ನೇಪಾಳದ ಕೇಂದ್ರ ಬ್ಯಾಂಕ್ ನೇಪಾಳದ್ದೇ. ಬೇಡವೆನಿಸಿದ ದಿನ ಅದು ಆ ಗಂಟನ್ನು ತಾನೇ ಬಿಚ್ಚಬಹುದು. ಬೇರೆ ದೇಶದ ಕರೆನ್ಸಿಗೆ ತನ್ನದನ್ನು ಕಟ್ಟಿಕೊಳ್ಳುವುದರಲ್ಲಿ ಅಧೀನತೆಯಿಲ್ಲ, ಬಿಚ್ಚಿಕೊಳ್ಳುವ ಅಧಿಕಾರ ಯಾರ ಬಳಿ ಇದೆ ಎಂಬುದರಲ್ಲಿ ಇದೆ.

ಆಫ್ರಿಕಾದ ಬಡತನಕ್ಕೆಲ್ಲ ಇದೇ ಕಾರಣವೇ?

ಇಲ್ಲ. ಸಿಎಫ್‌ಎ ಬಳಸದ ನೈಜೀರಿಯಾ, ಗಿನಿ, ಸಿಯೆರಾ ಲಿಯೋನ್ ದೇಶಗಳಲ್ಲೂ ಬಡತನವಿದೆ. ಒಂದು ವ್ಯವಸ್ಥೆ ಅನ್ಯಾಯದ್ದು ಎಂದು ತೋರಿಸಲು ಅದೇ ಎಲ್ಲದಕ್ಕೂ ಮೂಲವೆಂದು ಸಾಧಿಸಬೇಕಾಗಿಲ್ಲ.

ಈಗ ಪರಿಸ್ಥಿತಿ ಎಲ್ಲಿಗೆ ಬಂದಿದೆ?

2019ರ ಡಿಸೆಂಬರ್ 21ರಂದು ಅಬಿಜಾನ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್ ಮತ್ತು ಐವರಿ ಕೋಸ್ಟ್‌ನ ಅಧ್ಯಕ್ಷ ಅಲಸಾನ್ ವಾತಾರಾ ಸುಧಾರಣೆಯನ್ನು ಘೋಷಿಸಿದರು. ಪಶ್ಚಿಮದ 8 ದೇಶಗಳು ಫ್ರಾನ್ಸಿನ ಖಜಾನೆಯಲ್ಲಿ ಹಣ ಇಡಬೇಕಾಗಿಲ್ಲ, ಮಂಡಳಿಯಿಂದ ಫ್ರೆಂಚ್ ಪ್ರತಿನಿಧಿಗಳು ಹೊರಹೋಗುತ್ತಾರೆ, ಹೆಸರು ‘ಎಕೋ’ ಆಗುತ್ತದೆ ಎಂಬುದು ಅದರ ಸಾರ. ಮೊದಲೆರಡು ಜಾರಿಯಾದವು, ಹೆಸರು ಇನ್ನೂ ಬದಲಾಗಿಲ್ಲ. ಯೂರೋ ಜೊತೆಗಿನ ಸ್ಥಿರ ದರವೂ ಫ್ರಾನ್ಸಿನ ಖಾತರಿಯೂ ಉಳಿದಿವೆ. ಮಧ್ಯ ಭಾಗದ 6 ದೇಶಗಳಿಗೆ ಈ ಸುಧಾರಣೆ ಅನ್ವಯಿಸಲಿಲ್ಲ. ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ಒಕ್ಕೂಟ ಇಕೊವಾಸ್ ತನ್ನ ಸಾಮಾನ್ಯ ಕರೆನ್ಸಿಗೆ 2027ರ ಗುರಿ ಇಟ್ಟುಕೊಂಡಿದೆಯಾದರೂ, ಗಡುವು ಹಿಂದೆಯೂ ಹಲವು ಸಲ ಜಾರಿದೆ. ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್ 2025ರ ಜನವರಿಯಲ್ಲಿ ಆ ಒಕ್ಕೂಟದಿಂದಲೇ ಹೊರಬಂದಿವೆ. ಫ್ರಾನ್ಸನ್ನು ನಿತ್ಯವೂ ಟೀಕಿಸುವ ಈ ಮೂರು ಸೇನಾ ಸರ್ಕಾರಗಳು ಸಿಎಫ್‌ಎ ಫ್ರಾಂಕನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಸೈನ್ಯದ ವಿಷಯದಲ್ಲಿ ಬದಲಾವಣೆ ಬೇಗ ಆಯಿತು. ಮಾಲಿಯ ನಂತರ 2023ರಲ್ಲಿ ಬುರ್ಕಿನಾ ಫಾಸೊ ಮತ್ತು ನೈಜರ್, 2025ರಲ್ಲಿ ಚಾಡ್, ಐವರಿ ಕೋಸ್ಟ್ ಮತ್ತು ಸೆನೆಗಲ್‌ಗಳಲ್ಲಿನ ಫ್ರೆಂಚ್ ನೆಲೆಗಳು ತೆರವಾದವು. ಗಣಿಗಳ ವಿಷಯ ಅಷ್ಟು ಸರಳವಾಗಿಲ್ಲ. 2025ರ ಜೂನ್‌ನಲ್ಲಿ ನೈಜರ್ ಸರ್ಕಾರ ಸೊಮಾಯಿರ್ ಗಣಿಯನ್ನು ರಾಷ್ಟ್ರೀಕರಣ ಮಾಡುವುದಾಗಿ ಘೋಷಿಸಿತು. ಒರಾನೊ ಈ ಜಗಳವನ್ನು ಒಯ್ದಿರುವುದು ನಿಯಾಮೆಯ ನ್ಯಾಯಾಲಯಕ್ಕಲ್ಲ, ವಾಷಿಂಗ್ಟನ್ನಿನಲ್ಲಿರುವ ವಿಶ್ವ ಬ್ಯಾಂಕ್ ಸಮೂಹದ ಮಧ್ಯಸ್ಥಿಕೆ ಕೇಂದ್ರಕ್ಕೆ.